ಇಬ್ಬನಿ ಒರೆಸಿದರೆ ಎರಡು ಹೊಡೆತ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ಪತ್ರಗಳೆಲ್ಲ ಹೆಣ್ಣುಮಕ್ಕಳ ಗಾಲ್ಫ್ ಬಳಗಗಳಿಂದ ಬಂದವು. ಚಳಿ ಬಿದ್ದ ಮೇಲೆ ಪಂದ್ಯ ನಡೆಸುವವರ ತಲೆನೋವೇ ಎಲ್ಲದರಲ್ಲೂ.

ಪ್ರಶ್ನೆ: ನಾವು 24 ಮಂದಿ ಹೆಣ್ಮಕ್ಕಳು ಅದೀವಿ. ವಾರದಾಗ ಮೂರು ದಿನ ನೆಟ್‌ನಾಗ ಅಭ್ಯಾಸ, ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ 18 ಹೋಲ್ ಆಡ್ತೀವಿ. ಹೋದ ಚಳಿಗಾಲದಾಗ ಐದು ಪಂದ್ಯ ಇಟ್ಟಿದ್ದೆವು, ನಡೆದದ್ದು ಎರಡೇ. ವೇಳಾಪಟ್ಟಿ ಹ್ಯಾಂಗ ಮಾಡಬೇಕು? (ಜೇವರ್ಗಿ ರಸ್ತೆ, ಕಲಬುರಗಿ)

ಉತ್ತರ: ಆಡುವ ದಿನ ಹುಡುಕುವ ಮೊದಲು ಆಡಲಾಗದ ದಿನಗಳಿಗೆ ಕಾಟು ಹಾಕಿ. ಮೊದಲ ಕಾಟು ಎಳ್ಳ ಅಮಾವಾಸ್ಯೆಗೆ. ಅದು ಒಂದು ದಿನದ ಹಬ್ಬವಲ್ಲ. ಮುನ್ನಾದಿನ ಭಜ್ಜಿಗೆ ಕಾಯಿಪಲ್ಲೆ ಸೋಸಬೇಕು, ಸಜ್ಜೆ ರೊಟ್ಟಿ ಬಡಿಯಬೇಕು. ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಮರುದಿನ ಪಾತ್ರೆ ತೊಳೆಯುವುದರಲ್ಲೇ ಮುಗಿಯುತ್ತದೆ. ಅಂದರೆ ಮೂರು ದಿನ ಹೋಯಿತು. ಈ ಅಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಹೋದ ವರ್ಷದ ತಾರೀಖನ್ನೇ ಈ ವರ್ಷಕ್ಕೂ ಬರೆದುಕೊಂಡ ಬಳಗಗಳು ಎಡವುವುದು ಇಲ್ಲೇ. ಎರಡನೆಯ ಕಾಟು ಸಂಕ್ರಾಂತಿಯ ವಾರಕ್ಕೆ. ಯಾದಗಿರಿ ಕಡೆಯವರಿದ್ದರೆ ಮೈಲಾಪುರ ಮಲ್ಲಯ್ಯನ ಜಾತ್ರೆಯೂ ಅದೇ ಹೊತ್ತಿಗೆ. ಹೊಲ ಇರುವ ಮನೆಗಳಿಗೆ ತೊಗರಿ ರಾಶಿ ಬೇರೆ. ಮಕ್ಕಳ ಪರೀಕ್ಷೆಯ ಪಟ್ಟಿಯನ್ನೂ ಶಾಲೆಯಿಂದ ತರಿಸಿಕೊಳ್ಳಿ.

ಇಷ್ಟೆಲ್ಲ ಕಾಟು ಹಾಕಿದ ಮೇಲೆ ಉಳಿಯುವುದು ನವೆಂಬರ್ ದ್ವಿತೀಯಾರ್ಧ, ಡಿಸೆಂಬರ್ ಮೊದಲ ಎರಡು ವಾರ, ಜನವರಿಯ ಕೊನೆ, ಫೆಬ್ರವರಿಯ ಮೊದಲ ಮೂರು ವಾರ. ಐದು ಪಂದ್ಯ ಬೇಡ, ನಾಲ್ಕು ಸಾಕು. ಪ್ರತಿಯೊಂದಕ್ಕೂ ಒಂದು ಬದಲಿ ದಿನವನ್ನು ಮೊದಲೇ ಪ್ರಕಟಿಸಿ. ಮಾರ್ಚ್ ಆಸೆ ಬಿಡಿ. ಹತ್ತು ಗಂಟೆಯ ಬಿಸಿಲಿಗೇ ಕೊನೆಯ ಆರು ಹೋಲ್ ಶಿಕ್ಷೆಯಾಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದೇ 6.45 ದಾಟಿದ ಮೇಲೆ. ಹೈದರಾಬಾದಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಮೊದಲ ತಂಡ 7.30ಕ್ಕೆ ಹೊರಡಲಿ. ಅದಕ್ಕೂ ಮುಂಚೆ ಬೆಳಕಿದ್ದರೂ ಇಬ್ಬನಿ ಚೆಂಡನ್ನು ತಡೆಯುತ್ತದೆ, ಪಟ್ (ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಅರ್ಧಕ್ಕೇ ನಿಲ್ಲುತ್ತದೆ. 24 ಮಂದಿಯನ್ನು ಮೂವರಂತೆ ಎಂಟು ತಂಡ ಮಾಡಿ, ನಡುವೆ 10 ನಿಮಿಷ ಬಿಟ್ಟರೆ ಕೊನೆಯ ತಂಡ 8.40ಕ್ಕೆ ಹೊರಡುತ್ತದೆ. ಮೂವರಿಗೆ ನಾಲ್ಕೂಕಾಲು ಗಂಟೆ ಹಿಡಿದರೆ 12.55ಕ್ಕೆ ಮುಗಿಯಿತು. ನಾಲ್ವರಂತೆ ಆರು ತಂಡ ಮಾಡಿದರೆ ಬೇಗ ಮುಗಿದೀತು ಅನ್ನಿಸುತ್ತದೆ. ಕೊನೆಯ ತಂಡ 8.20ಕ್ಕೇ ಹೊರಡುತ್ತದೆ ನಿಜ. ಆದರೆ ಹೊಸಬರ ನಾಲ್ವರ ತಂಡಕ್ಕೆ ನಾಲ್ಕೂಮುಕ್ಕಾಲು ಗಂಟೆ ಬೇಕು, ಅಲ್ಲಿಗೆ 1.05 ಆಯಿತು. ಉಳಿದದ್ದೇನೂ ಇಲ್ಲ, ಪ್ರತಿ ಟೀಯಲ್ಲೂ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಕಾಯುವ ಬೇಸರವೊಂದು ಹೆಚ್ಚು.

ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್. ಅಂದೇ ಮುಂಜಾನೆ ಎದ್ದು ಹೋಗಿ ಆಡುತ್ತೇವೆ ಅನ್ನುವುದು ಬಾಯಿಮಾತು. ಹಿಂದಿನ ಸಂಜೆಯೇ ತಲುಪಿ. ಬೀದರಿನವರಿಗೆ ದಾರಿ ಹತ್ತಿರವಾದರೂ ಮಂಜು ಮುಸುಕಿದ ರಸ್ತೆಯಲ್ಲಿ ನಸುಕಿನ ಪಯಣ ಬೇಡ. ಕ್ಲಬ್ಬುಗಳಲ್ಲಿ ಶನಿವಾರ, ಭಾನುವಾರದ ಟೀ ಸಮಯ, ಅಂದರೆ ಆಟಕ್ಕೆ ಹೊರಡುವ ಹೊತ್ತು, ಸದಸ್ಯರ ಪಾಲಾಗುತ್ತದೆ. ಹೊರಗಿನ ಬಳಗ ವಾರದ ನಡುವಿನ ದಿನ ಕೇಳಿದರೆ ಬೇಗ ಒಪ್ಪಿಗೆ ಸಿಗುತ್ತದೆ. ಯಾರು ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬ ಡ್ರಾ ಪಟ್ಟಿ ಮೂರು ದಿನ ಮೊದಲು ಕೈಸೇರಲಿ. ಹಣ ಕೊಟ್ಟವರ ಹೆಸರಷ್ಟೇ ಅದರಲ್ಲಿರಲಿ. ‘ಬರ್ತೀನಿ ರೀ’ ಅನ್ನುವವರು ಮೂವತ್ತು ಮಂದಿ, ಮುಂಗಡ ಕೊಡುವವರು ಹದಿನೆಂಟು. ಪಂದ್ಯ ನಿಲ್ಲುವುದು ಈ ಹನ್ನೆರಡರ ಅಂತರದಲ್ಲಿ.

ಪ್ರಶ್ನೆ: ಮುಂಜಾನೆ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಇಬ್ಬನಿ ಕೂತಿತ್ತು. ಒಬ್ಬರು ಪಟ್ ಮಾಡುವ ದಾರಿಯನ್ನು ಟವೆಲಿನಿಂದ ಒರೆಸಿದರು. ಎಲೆ, ಕಡ್ಡಿ ತೆಗೆಯಬಹುದಾದರೆ ಇದೇಕೆ ಬೇಡ ಎಂಬುದು ಅವರ ವಾದ. ಯಾರು ಸರಿ? (ಬೀದರ್)

ಉತ್ತರ: ಒರೆಸಿದವರು ತಪ್ಪು. ಎಲೆ, ಕಡ್ಡಿ, ಸಣ್ಣ ಕಲ್ಲು ಎಲ್ಲಿದ್ದರೂ ತೆಗೆಯಬಹುದು. ಗ್ರೀನ್ ಮೇಲೆ ಮರಳು, ಬಿಡಿ ಮಣ್ಣನ್ನೂ ತೆಗೆಯಬಹುದು, ಬೂಟಿನ ಗುರುತು ಸರಿಮಾಡಬಹುದು. ಇಬ್ಬನಿ ಈ ಯಾವ ಗುಂಪಿಗೂ ಸೇರುವುದಿಲ್ಲ. ಪಟ್ಟಿನ ದಾರಿಯಲ್ಲಿ ಅದನ್ನು ಒರೆಸಿದರೆ ಆಡುವ ಪರಿಸ್ಥಿತಿಯನ್ನು ಸುಧಾರಿಸಿಕೊಂಡಂತೆ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತ ದಂಡ, ಗೆದ್ದ ಹೋಲ್ ಎಣಿಸುವ ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಸೋತಂತೆ. ವಿನಾಯಿತಿ ಇರುವುದು ಟೀ ಜಾಗಕ್ಕೆ ಮಾತ್ರ, ಅಲ್ಲಿ ಇಬ್ಬನಿ ಒರೆಸಬಹುದು. ಚೆಂಡನ್ನು ಗುರುತು ಹಾಕಿ ಎತ್ತಿ ಒರೆಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಎರಡು ಟವೆಲ್ ಇಟ್ಟುಕೊಳ್ಳಿ. ಒಂದು ಚೆಂಡಿಗೆ, ಇನ್ನೊಂದು ಒಣಗಿದ್ದು ಹಿಡಿಕೆಗೆ. ಒಂದೇ ಟವೆಲ್ ಆದರೆ ಮೂರನೆಯ ಹೋಲ್ ಹೊತ್ತಿಗೆ ಹಿಡಿಕೆ ಜಾರತೊಡಗುತ್ತದೆ.

ಚಳಿಗೆ ಚೆಂಡು ಕಡಿಮೆ ದೂರ ಹೋಗುತ್ತದೆಂದು ಕೆಲವರು ಅದನ್ನು ಬಿಸಿ ಮಾಡಿ ತರುತ್ತಾರಂತೆ. ಅದೂ ನಿಯಮಕ್ಕೆ ವಿರುದ್ಧ. ಬೇಕಾದರೆ ಇನ್ನೂ ದೂರ ಹೊಡೆಯುವ ಕ್ಲಬ್ (ಹೊಡೆಯುವ ಕೋಲು), ಅಂದರೆ ಒಂದು ನಂಬರ್ ಕಡಿಮೆಯದು, ತೆಗೆದುಕೊಳ್ಳಿ.

ಪ್ರಶ್ನೆ: ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಲೆಕ್ಕದಲ್ಲಿ ಪ್ರತಿ ಸಲ ಜಗಳ. ಹೊಸಬರಿಗೆ ಎಷ್ಟು ಕೊಡಬೇಕು? ಒಬ್ಬೊಬ್ಬರು ಒಂದು ಹೋಲ್‌ಗೆ ಹನ್ನೆರಡು ಹೊಡೆತ ಹೊಡೆಯುತ್ತಾರೆ, ಹಿಂದಿನವರು ಕಾಯಬೇಕು. (ಎಂ.ಎಸ್.ಕೆ. ಮಿಲ್ ಪ್ರದೇಶ, ಕಲಬುರಗಿ)

ಉತ್ತರ: ಹೊಸಬರಿಗೆ ಯಾರೂ ಹ್ಯಾಂಡಿಕ್ಯಾಪ್ ‘ಕೊಡುವುದಿಲ್ಲ’, ಅವರ ಕಾರ್ಡುಗಳೇ ಹೇಳುತ್ತವೆ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54 ಹೋಲ್‌ಗಳ ಕಾರ್ಡು ಬೇಕು: 18ರ ಮೂರು, ಇಲ್ಲವೆ 9ರ ಆರು, ಇಲ್ಲವೆ ಎರಡೂ ಬೆರೆಸಿ. ಜೊತೆ ಆಡಿದವರ ಸಹಿ ಇರಲೇಬೇಕು. ಈ ಮೊದಲ ಕಾರ್ಡುಗಳಲ್ಲಿ ಯಾವ ಹೋಲ್‌ಗೂ ಪಾರ್‌ಗಿಂತ (ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತಗಳ ಸಂಖ್ಯೆ) 5 ಮಾತ್ರ ಹೆಚ್ಚು ಬರೆಯಬಹುದು, ಹನ್ನೆರಡು ಹೊಡೆದಿದ್ದರೂ ಪಾರ್ 4ರಲ್ಲಿ 9 ಅಷ್ಟೆ.

ಹೀಗೆ ಸರಿಪಡಿಸಿದ ಮೂರು ಕಾರ್ಡು 118, 112, 115 ಎಂದಿಟ್ಟುಕೊಳ್ಳಿ. ಹೆಂಗಸರ ಟೀಯ ಕೋರ್ಸ್ ರೇಟಿಂಗ್ (ನುರಿತವರಿಗೆ ಬೇಕಾಗುವ ಹೊಡೆತಗಳ ಅಂದಾಜು) 71.6, ಸ್ಲೋಪ್ (ಉಳಿದವರಿಗೆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಎಂಬ ಅಳತೆ) 122. ಉತ್ತಮ ಕಾರ್ಡು 112. ಅದರಿಂದ 71.6 ಕಳೆದರೆ 40.4. ಅದನ್ನು ಮಾದರಿ ಸ್ಲೋಪ್ ಆದ 113ರಿಂದ ಗುಣಿಸಿ 122ರಿಂದ ಭಾಗಿಸಿದರೆ 37.4. ಮೂರೇ ಕಾರ್ಡು ಇರುವುದರಿಂದ 2 ಕಳೆಯಬೇಕು. ಅವರ ಹ್ಯಾಂಡಿಕ್ಯಾಪ್ ಇಂಡೆಕ್ಸ್ 35.4. ಮೇಲಿನ ಮಿತಿ ಎಲ್ಲರಿಗೂ 54.

ಪಂದ್ಯದ ದಿನದ ಲೆಕ್ಕ ಬೇರೆ. ಇಂಡೆಕ್ಸ್ 31.4 ಇರುವವರು ಇದೇ ಟೀಯಿಂದ, ಪಾರ್ 72ರ ಕೋರ್ಸಿನಲ್ಲಿ ಆಡುತ್ತಾರೆ ಅನ್ನಿ. 31.4ನ್ನು 122ರಿಂದ ಗುಣಿಸಿ 113ರಿಂದ ಭಾಗಿಸಿದರೆ 33.9. ರೇಟಿಂಗ್ ಪಾರ್‌ಗಿಂತ 0.4 ಕಡಿಮೆ ಇರುವುದರಿಂದ ಅಷ್ಟು ಕಳೆದರೆ 33.5, ಇದೇ ಕೋರ್ಸ್ ಹ್ಯಾಂಡಿಕ್ಯಾಪ್. ಹೋಲ್‌ವಾರು ಅಂಕ ಎಣಿಸುವ ಸ್ಟೇಬಲ್‌ಫರ್ಡ್ ಪಂದ್ಯಕ್ಕೆ ಅದರ ಶೇ 95, ಅಂದರೆ 32. ಜಗಳ ಹುಟ್ಟುವ ಜಾಗ ಇದೇ. ಗಂಡಸರ ಸ್ಲೋಪ್ ಹಿಡಿದು ಲೆಕ್ಕ ಹಾಕಿರುತ್ತಾರೆ. ಒಂದೇ ಟೀಯಿಂದ ಆಡಿದರೂ ಹೆಂಗಸರಿಗೆ ರೇಟಿಂಗೂ ಸ್ಲೋಪೂ ಬೇರೆ. ಕ್ಲಬ್ಬಿನ ಫಲಕದಲ್ಲಿ ಹೆಂಗಸರ ಸಾಲು ಯಾವುದೆಂದು ಮೊದಲು ನೋಡಿ.

ಕಾಯುವ ತೊಂದರೆಗೆ ಸ್ಟೇಬಲ್‌ಫರ್ಡೇ ಮದ್ದು. ಹೊಸಬರಿರುವ ಬಳಗದಲ್ಲಿ ಎಲ್ಲ ಹೊಡೆತ ಕೂಡಿಸುವ ಸ್ಟ್ರೋಕ್ ಪ್ಲೇ ಇಡುವುದು ಸುಮ್ಮನೆ ಛಲ. ಮೇಲೆ ಹೇಳಿದವರಿಗೆ 32 ಹೊಡೆತ ಸಿಕ್ಕವು: ಪ್ರತಿ ಹೋಲ್‌ಗೆ ಒಂದು, ಉಳಿದ 14, ಸ್ಟ್ರೋಕ್ ಇಂಡೆಕ್ಸ್ (ಕಾರ್ಡಿನಲ್ಲಿರುವ ಹೋಲ್‌ಗಳ ಕಷ್ಟದ ಕ್ರಮಾಂಕ) 1ರಿಂದ 14ರವರೆಗಿನ ಹೋಲ್‌ಗಳಿಗೆ. ಸ್ಟ್ರೋಕ್ ಇಂಡೆಕ್ಸ್ 10ರ ಪಾರ್ 4ರಲ್ಲಿ ಅವರಿಗೆ ಎರಡು ಹೊಡೆತ. 6ರಲ್ಲಿ ಮುಗಿಸಿದರೆ ನಿವ್ವಳ 4, ಅಂದರೆ 2 ಅಂಕ. 7ಕ್ಕೆ 1 ಅಂಕ. 8ಕ್ಕೆ ಸೊನ್ನೆ. ಹಾಗಾಗಿ ಏಳನೆಯ ಹೊಡೆತಕ್ಕೂ ಚೆಂಡು ಕುಳಿಗೆ ಬೀಳದಿದ್ದರೆ ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಟೀಗೆ ನಡೆಯುವುದು. ಹನ್ನೆರಡರ ಮಾತೇ ಬರುವುದಿಲ್ಲ. ಪ್ರತಿಯೊಬ್ಬರಿಗೂ ಯಾವ ಹೋಲ್‌ನಲ್ಲಿ ಎಷ್ಟು ಹೊಡೆತ ಎಂದು ಕಾರ್ಡಿನ ಮೇಲೆ ಹಿಂದಿನ ರಾತ್ರಿಯೇ ಚುಕ್ಕಿ ಇಟ್ಟುಕೊಡಿ. ಒಂದು ಚುಕ್ಕಿ, ಎರಡು ಚುಕ್ಕಿ, ರಂಗೋಲಿ ಎಣಿಸಿದಷ್ಟೇ ಸಲೀಸು.

ಪ್ರಶ್ನೆ: ನಾಕೌಟ್ ಇಟ್ಟಿದ್ದೇವೆ, 11 ಹೆಸರು ಬಂದಿವೆ. ಡ್ರಾ ಹೇಗೆ? (ಹುಮನಾಬಾದ್)

ಉತ್ತರ: 16ರ ಪಟ್ಟಿ ಮಾಡಿ. 5 ಮಂದಿಗೆ ಮೊದಲ ಸುತ್ತು ಬೈ (ಆಡದೆಯೇ ಮುಂದಿನ ಸುತ್ತಿಗೆ), ಉಳಿದ 6 ಮಂದಿ ಮೂರು ಪಂದ್ಯ ಆಡುತ್ತಾರೆ. ಎರಡನೆಯ ಸುತ್ತಿಗೆ ಸರಿಯಾಗಿ 8. ಬೈ ಎಲ್ಲವೂ ಮೊದಲ ಸುತ್ತಿನಲ್ಲೇ ಮುಗಿಯಬೇಕು, ಸೆಮಿಫೈನಲ್‌ನಲ್ಲಿ ಬೈ ಕೊಡುವ ಪ್ರಸಂಗ ತಂದುಕೊಳ್ಳಬೇಡಿ. ಮ್ಯಾಚ್ ಪ್ಲೇಯಲ್ಲಿ ಕೋರ್ಸ್ ಹ್ಯಾಂಡಿಕ್ಯಾಪಿನ ಪೂರ್ತಿ ವ್ಯತ್ಯಾಸ ಕೊಡಬೇಕು: ಒಬ್ಬರದು 34, ಇನ್ನೊಬ್ಬರದು 21 ಆದರೆ 13 ಹೊಡೆತ, ಸ್ಟ್ರೋಕ್ ಇಂಡೆಕ್ಸ್ 1ರಿಂದ 13ರವರೆಗೆ. ಪ್ರತಿ ಸುತ್ತಿಗೂ ಕೊನೆಯ ತಾರೀಖು ಬರೆಯಿರಿ. ಎದುರಾಳಿಗೆ ಬರವಣಿಗೆಯಲ್ಲಿ ಎರಡು ದಿನ ಸೂಚಿಸಿದವರು, ಅವರು ಒಪ್ಪದಿದ್ದರೆ ಮುಂದಿನ ಸುತ್ತಿಗೆ ಎಂಬ ಷರತ್ತೂ ಇರಲಿ. ಇದು ಬಿರುಸು ಅನ್ನಿಸಬಹುದು. ಇಲ್ಲದಿದ್ದರೆ ಫೈನಲ್ ಏಪ್ರಿಲ್ಲಿಗೆ ಹೋಗುತ್ತದೆ.

ತಡವಾಗಿ ಬಂದವರ ಬಗ್ಗೆಯೂ ಕೇಳಿದ್ದೀರಿ. ಐದು ನಿಮಿಷದೊಳಗೆ ಸಿದ್ಧರಾಗಿ ಬಂದರೆ ಮ್ಯಾಚ್ ಪ್ಲೇಯಲ್ಲಿ ಮೊದಲ ಹೋಲ್ ಸೋತಂತೆ, ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತ. ಅದಕ್ಕೂ ತಡವಾದರೆ ಪಂದ್ಯದಿಂದ ಹೊರಗೆ.

ಪ್ರಶ್ನೆ: ಎರೆಭೂಮಿಯಲ್ಲಿ ಆರು ಹೋಲ್ ಮಾಡಿಕೊಂಡಿದ್ದೇವೆ. ಜನವರಿಗೆ ನೆಲ ಬಿರಿಯುತ್ತದೆ, ಚೆಂಡು ಬಿರುಕಿಗೆ ಬಿದ್ದರೆ? (ಶಹಾಪುರ)

ಉತ್ತರ: ನೀರಾರಿದಂತೆ ಎರೆಮಣ್ಣು ಕುಗ್ಗುತ್ತದೆ, ಬಿರುಕು ತಪ್ಪಿದ್ದಲ್ಲ. ಪಂದ್ಯ ಶುರುವಾಗುವ ಮೊದಲೇ ಬಿರುಕುಗಳನ್ನು ದುರಸ್ತಿ ಜಾಗ ಎಂದು ಬರೆದು ಹಚ್ಚಿ. ಆಗ ದಂಡವಿಲ್ಲದೆ ಬಿರುಕು ತಪ್ಪುವ ಹತ್ತಿರದ ಜಾಗದಿಂದ ಒಂದು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಚೆಂಡು ಬಿಡಬಹುದು. ಫೇರ್‌ವೇಯಲ್ಲಿ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ) ಹುಲ್ಲು ಸತ್ತಿದ್ದರೆ ಚೆಂಡು ಎತ್ತಿ ಆರು ಇಂಚಿನೊಳಗೆ ಇಡುವ ಅವಕಾಶವನ್ನೂ ಸೇರಿಸಿ. ಕೈಯಿಂದಲೇ ಇಡಬೇಕು. ಕ್ಲಬ್ಬಿನ ತಲೆಯಿಂದ ಹೊರಳಿಸಿದರೆ ಒಂದು ಹೊಡೆತ ದಂಡ. ಚೆಂಡು ಹುಡುಕಲು ಮೂರೇ ನಿಮಿಷ, ತೊಗರಿ ಕೂಳೆಯಲ್ಲಿ ಬಿದ್ದಿದ್ದರೂ ಅಷ್ಟೇ.

ಪ್ರಶ್ನೆ: ಅಂಗಳದ ಶಹಾಬಾದಿ ಫರಸಿಯ ಮೇಲೆ ಮ್ಯಾಟ್ ಹಾಸಿ ನೆಟ್ ಕಟ್ಟಿದ್ದೇವೆ. ಮೂರು ವಾರದಲ್ಲಿ ನಾಲ್ವರಿಗೆ ಮೊಣಕೈ ನೋವು. ಚೆಂಡು ವಾಪಸ್ಸೂ ಪುಟಿಯುತ್ತದೆ. (ಸೇಡಂ)

ಉತ್ತರ: ಮೊಣಕೈ ನೋವಿಗೆ ಕಾರಣ ಫರಸಿ. ಮೈದಾನದಲ್ಲಿ ಐರನ್ ಕ್ಲಬ್ಬಿನ ತಲೆ ಚೆಂಡನ್ನು ದಾಟಿ ಮಣ್ಣಿಗಿಳಿಯುತ್ತದೆ. ಇಲ್ಲಿ ತೆಳು ಮ್ಯಾಟಿನ ಕೆಳಗೆ ಕಲ್ಲು, ಪೆಟ್ಟೆಲ್ಲ ಕೈಗೇ ವಾಪಸ್. ಮ್ಯಾಟಿನ ಕೆಳಗೆ 20ರಿಂದ 25 ಮಿಲಿಮೀಟರ್ ದಪ್ಪದ ರಬ್ಬರ್ ಹಾಸಿ. ನಿಲ್ಲುವ ಜಾಗವನ್ನೂ ಅಷ್ಟೇ ಎತ್ತರಿಸಿ, ಇಲ್ಲದಿದ್ದರೆ ಚೆಂಡು ಪಾದಕ್ಕಿಂತ ಮೇಲಾಗಿ ಸ್ವಿಂಗ್ ಕೆಡುತ್ತದೆ. ಚೆಂಡನ್ನು ಮೋಟು ರಬ್ಬರ್ ಟೀ (ಚೆಂಡಿಡುವ ಗೂಟ) ಮೇಲಿಟ್ಟು ಹೊಡೆಯಿರಿ. ನೋವಿರುವವರು ಎರಡು ವಾರ ಪಟ್ ಮಾತ್ರ ಆಡಲಿ, ಆಮೇಲೂ ಇದ್ದರೆ ವೈದ್ಯರಿಗೆ ತೋರಿಸಲಿ.

ಚೆಂಡು ಪುಟಿಯುವುದು ನೆಟ್ ಬಿಗಿಯಾಗಿ ಕಟ್ಟಿದ್ದಕ್ಕೆ. ತೊಟ್ಟಿಲ ಬಟ್ಟೆಯಂತೆ ಜೋಲು ಬಿಡಿ, ಹಿಂದೆ ಒಂದು ಮೀಟರಾದರೂ ಖಾಲಿ ಇರಲಿ, ಗೋಡೆಗೆ ತಾಗಕೂಡದು. ಮ್ಯಾಟಿನಿಂದ ನೆಟ್‌ಗೆ ಮೂರು ಮೀಟರ್, ಎರಡೂ ಪಕ್ಕ ಪರದೆ. ಹೊಸಬರ ಚೆಂಡು ಹೆಚ್ಚಾಗಿ ಬಲಕ್ಕೇ ಸಿಡಿಯುತ್ತದೆ, ಆ ಪಕ್ಕದಲ್ಲಿ ಯಾರೂ ಕೂರಬಾರದು.

ಸ್ವೆಟರ್ ತೊಟ್ಟರೆ ತೋಳು ಏಳುವುದಿಲ್ಲ ಎಂದೂ ಬರೆದಿದ್ದೀರಿ. ತೋಳಿಲ್ಲದ್ದು ಹಾಕಿಕೊಂಡು ಒಳಗೆ ಬಿಗಿಯಾದ ತುಂಬುತೋಳಿನ ಬನಿಯನ್ ತೊಡಿ. ಗ್ಲೌಸ್ ಹಾಕುವ ಕೈಯ ಬಳೆಗಳನ್ನು ತೆಗೆದಿಡಿ. ಗಾಜಿನದಾದರಂತೂ ಖಂಡಿತ.