ನಮ್ಮ ಬೇಲಿಯ ಹಕ್ಕಿ, ಅವರ ದ್ವೀಪದ ಅಪರೂಪ

ಹಸ್ತದ ಮಳೆ ಮುಗಿದು ಬೆಳಗಿನ ಹೊತ್ತು ಮಂಜು ಕೂರಲು ಶುರುವಾದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಹಕ್ಕಿಗಳದ್ದೇ ಜಾಸ್ತಿ. ಈ ಸಲ ನಾಲ್ಕಕ್ಕೆ ಉತ್ತರ ಬರೆದಿದ್ದೇನೆ. ಮೊದಲನೆಯ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಅದಕ್ಕೇ ಅದರ ಉತ್ತರ ಉದ್ದವಾಗಿದೆ.

ಪ್ರಶ್ನೆ: ನನ್ನ ಮಗಳು ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಅಕ್ಟೋಬರ್‌ನಲ್ಲಿ ಆಫೀಸಿನವರ ಜೊತೆ ಶೆಟ್ಲೆಂಡ್ ದ್ವೀಪಗಳಿಗೆ ಹೋಗಿದ್ದಳು. ಅಲ್ಲಿ ಕಂದು ಬಣ್ಣದ ಒಂದು ಪುಟ್ಟ ಹಕ್ಕಿ ನೋಡೋದಕ್ಕೆ ಇಪ್ಪತ್ತು ಜನ ಎರಡು ಗಂಟೆ ಮಳೆಯಲ್ಲಿ ನಿಂತಿದ್ದರಂತೆ. ಹೆಸರು ಬ್ಲೈತ್ಸ್ ರೀಡ್ ವಾರ್ಬ್ಲರ್. ಅದರಲ್ಲಿ ಅಂಥಾದ್ದೇನಿದೆ? ನಮ್ಮ ಶರಾವತಿ ಹಿನ್ನೀರಿನಲ್ಲೂ ಎಷ್ಟೊಂದು ದ್ವೀಪಗಳಿವೆ. ಅಲ್ಲಿಗೂ ಹೀಗೆ ಅಪರೂಪದ ಹಕ್ಕಿ ಬರುತ್ತವೆಯೇ?
– ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಮಗಳು ಮಳೆಯಲ್ಲಿ ನೆನೆದು ನೋಡಿದ ಹಕ್ಕಿ ಈಗ ನಿಮ್ಮ ಮನೆ ಹಿಂದಿನ ಬೇಲಿಯಲ್ಲೇ ಇದ್ದೀತು. ನಾಳೆ ಬೆಳಿಗ್ಗೆ ದಾಸವಾಳದ ಬೇಲಿ ಹತ್ತಿರವೋ ಲಂಟಾನ ಪೊದೆ ಹತ್ತಿರವೋ ಸುಮ್ಮನೆ ಐದು ನಿಮಿಷ ನಿಲ್ಲಿ. ಎರಡು ಬೆಣಚುಕಲ್ಲು ತಾಗಿಸಿದ ಹಾಗೆ 'ಚಕ್... ಚಕ್...' ಅಂತ ಕೇಳಿಸಿದರೆ ಅದೇ ಇರಬಹುದು. ಉಲಿಯಕ್ಕಿಗಳ ಜಾತಿಯದು. ಮೈಯೆಲ್ಲ ಮಾಸಲು ಕಂದು, ಹೊಟ್ಟೆ ಮಾಸಲು ಬಿಳಿ. ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಲೆನಾಡಿನ ಬೇಲಿ, ಗದ್ದೆಯಂಚು, ತೋಟದ ಪೊದೆಗಳಲ್ಲೆಲ್ಲ ಈ ಸದ್ದು ಇರುತ್ತದೆ. ನಾವು ಕೇಳಿಸಿಕೊಂಡಿರುವುದಿಲ್ಲ, ಅಷ್ಟೇ.

ಇದರ ತೂಕ ಮೂರು ಒಂದು ರೂಪಾಯಿ ನಾಣ್ಯದಷ್ಟು. ಮರಿ ಮಾಡುವುದು ಫಿನ್ಲೆಂಡ್, ಬಾಲ್ಟಿಕ್ ದೇಶಗಳಿಂದ ಹಿಡಿದು ಸೈಬೀರಿಯಾದವರೆಗೆ. ಯುರೋಪಿನ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಆಫ್ರಿಕಾದ ದಾರಿ ಹಿಡಿಯುತ್ತವೆ. ಇದು ಮಾತ್ರ ಆಗ್ನೇಯಕ್ಕೆ ತಿರುಗಿ ಭಾರತ, ಶ್ರೀಲಂಕಾಗಳಿಗೆ ಬರುತ್ತದೆ. ಹಾಗಾಗಿ ನಮಗಿದು ಮನೆಯ ನೆಂಟ, ಶೆಟ್ಲೆಂಡಿನವರಿಗೆ ದಾರಿ ತಪ್ಪಿ ಬಂದ ಅತಿಥಿ. ಇದೊಂದೇ ಅಲ್ಲ. ಕೆಂಪು ಕೊರಳಿನ ಪುಟ್ಟ ನೊಣಹಿಡುಕವನ್ನೂ (ರೆಡ್ ಬ್ರೆಸ್ಟೆಡ್ ಫ್ಲೈಕ್ಯಾಚರ್) ರೋಸ್‌ಫಿಂಚನ್ನೂ ಶೆಟ್ಲೆಂಡಿನಲ್ಲಿ ಶರತ್ಕಾಲ ಪೂರ್ತಿ ಹುಡುಕಿಕೊಂಡು ಓಡಾಡುತ್ತಾರೆ. ಅವೆರಡರ ಬಳಗ ಚಳಿಗಾಲ ಕಳೆಯುವುದು ನಮ್ಮ ದೇಶದಲ್ಲಿ.

ಹಾಗಾದರೆ ಈ ಹಕ್ಕಿಗಳು ಶೆಟ್ಲೆಂಡಿಗೆ ಹೋಗುವುದು ಹೇಗೆ? ಇಂಥ ಸಣ್ಣ ಹಕ್ಕಿಗಳ ಮರಿಗಳು ಮೊದಲ ವಲಸೆಯನ್ನು ಅಪ್ಪ ಅಮ್ಮನ ಜೊತೆ ಮಾಡುವುದಿಲ್ಲ. ರಾತ್ರಿ ಹೊತ್ತು, ತಮ್ಮ ಪಾಡಿಗೆ ಹೊರಡುತ್ತವೆ. ಯಾವ ದಿಕ್ಕಿಗೆ, ಎಷ್ಟು ದಿನ ಹಾರಬೇಕು ಅನ್ನುವುದು ಹುಟ್ಟಿನಿಂದಲೇ ಬಂದಿರುತ್ತದೆ. ನಕ್ಷತ್ರಗಳನ್ನೂ ಭೂಮಿಯ ಕಾಂತಶಕ್ತಿಯನ್ನೂ ನೋಡಿಕೊಂಡು ಹೋಗುತ್ತವೆ. ಲಕ್ಷಾಂತರ ಮರಿಗಳಲ್ಲಿ ಕೆಲವಕ್ಕೆ ಆ ದಿಕ್ಕು ತಪ್ಪಿರುತ್ತದೆ. ಪೂರ್ವದ ಗಾಳಿ ಜೋರಾಗಿ ಬೀಸಿದರೆ ಸರಿ ದಾರಿಯಲ್ಲಿದ್ದವೂ ಪಶ್ಚಿಮಕ್ಕೆ ಜಾರುತ್ತವೆ. ಉತ್ತರ ಸಮುದ್ರದ ಮೇಲೆ ಹಾರುವಾಗ ನಡುರಾತ್ರಿ ಮಳೆಯೋ ಮಂಜೋ ಸಿಕ್ಕಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಕ್ಕಿ ಸೋತಿರುತ್ತದೆ. ಕೆಳಗೆ ಎಲ್ಲಿ ನೋಡಿದರೂ ನೀರು. ಕಂಡ ಮೊದಲ ನೆಲಕ್ಕೆ ಬಂದು ಬೀಳುತ್ತದೆ.

ಆ ನೆಲವೇ ಶೆಟ್ಲೆಂಡ್. ನೂರಕ್ಕೂ ಹೆಚ್ಚು ದ್ವೀಪಗಳು, ಜನ ಇರುವುದು ಹದಿನಾರರಲ್ಲಿ ಮಾತ್ರ. ನಾರ್ವೆ ಸುಮಾರು 300 ಕಿ.ಮೀ. ದೂರ. ಮರಗಳು ಬಹಳ ಕಡಿಮೆ. ಕಾಡಿನ ಹಕ್ಕಿ ಬಂದರೆ ಕಲ್ಲುಗೋಡೆಯ ಮರೆ, ಚರಂಡಿ ಬದಿಯ ಹುಲ್ಲು, ಎಲೆಕೋಸಿನ ಪಾತಿ, ಇಂಥ ಕಡೆಯೇ ಕೂರಬೇಕು. ಅಡಗಲು ಜಾಗವಿಲ್ಲ, ಹಾಗಾಗಿ ಕಾಣುತ್ತದೆ. ಆ ದ್ವೀಪಗಳ ದಕ್ಷಿಣಕ್ಕಿರುವ ಫೇರ್ ಐಲ್ ಅನ್ನುವುದು ಬರೀ ಐದು ಕಿ.ಮೀ. ಉದ್ದದ ದ್ವೀಪ. ಅಲ್ಲಿ 1948ರಿಂದ ಪಕ್ಷಿ ವೀಕ್ಷಣಾಲಯವಿದೆ. 2019ರಲ್ಲಿ ಅದರ ಕಟ್ಟಡ ಬೆಂಕಿಗೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಎಷ್ಟೋ ವರ್ಷಗಳಿಂದ ದಿನವೂ ಅದೇ ಗೋಡೆಗಳ ಪಕ್ಕ ನಡೆದು ಲೆಕ್ಕ ಬರೆದಿಟ್ಟಿದ್ದಾರೆ. ನಿನ್ನೆ ಇಲ್ಲದ್ದು ಇವತ್ತು ಬಂದರೆ ಗೊತ್ತಾಗುವುದು ಅದಕ್ಕೇ. ನನಗೆ ಆ ಅಪರೂಪದ ಹಕ್ಕಿಗಳಿಗಿಂತ ಈ ದಿನಚರಿಯ ಮೇಲೆ ಹೆಚ್ಚು ಗೌರವ.

ಈಗ ನಮ್ಮ ಶರಾವತಿಗೆ ಬರೋಣ. ನಿಮಗೆ ಬೇಜಾರಾಗಬಹುದು, ಆದರೂ ಹೇಳಬೇಕು. ಹಿನ್ನೀರಿನ ದ್ವೀಪಗಳಲ್ಲಿ ಶೆಟ್ಲೆಂಡಿನ ಹಾಗೆ ಆಗುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಮುಳುಗದೆ ಉಳಿದ ಗುಡ್ಡದ ನೆತ್ತಿಗಳೇ ಇವತ್ತಿನ ದ್ವೀಪಗಳು. ಸುತ್ತ ನಾಲ್ಕೂ ಕಡೆ ಕಾಡಿದೆ. ರಾತ್ರಿ ಹಾರಿಬಂದ ಹಕ್ಕಿಗೆ ಬೆಳಿಗ್ಗೆ ಎಲ್ಲಿ ನೋಡಿದರೂ ಇಳಿಯಲು ಹಸಿರು. ದ್ವೀಪಕ್ಕೇ ಬರಬೇಕೆಂಬ ಕಷ್ಟ ಅದಕ್ಕಿಲ್ಲ. ದ್ವೀಪ ಅಂದ ಮಾತ್ರಕ್ಕೆ ಅಪರೂಪದ ಹಕ್ಕಿ ಬರುವುದಿಲ್ಲ. ಸುತ್ತಲಿನ ಕಡಲು ಬೇರೆ ದಾರಿ ಇಲ್ಲದ ಹಾಗೆ ಮಾಡಿದಾಗ ಬರುತ್ತದೆ. ಆ ಲೆಕ್ಕದಲ್ಲಿ ಶೆಟ್ಲೆಂಡಿಗೆ ಜೋಡಿ ಆಗಬಲ್ಲದ್ದು ನಮ್ಮ ಲಕ್ಷದ್ವೀಪ. ಕೇರಳದ ದಂಡೆಯಿಂದ 200 ಕಿ.ಮೀ.ಗೂ ಆಚೆ, ಅರಬ್ಬೀ ಸಮುದ್ರದ ನಡುವೆ 36 ಪುಟ್ಟ ದ್ವೀಪಗಳು.

ಅದಕ್ಕೇ ಹಿನ್ನೀರಿಗೆ ಹೋಗಬೇಡಿ ಅನ್ನುತ್ತಿಲ್ಲ. ಏನನ್ನು ಯಾವಾಗ ಹುಡುಕಬೇಕು ಅಂತ ತಿಳಿದು ಹೋಗಿ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ನೀರು ಜಲಾಶಯದ ಭರ್ತಿ ಮಟ್ಟವಾದ 1,819 ಅಡಿಯ ಹತ್ತಿರ, ಮರಗಳ ಬುಡಕ್ಕೇ ಬಂದಿರುತ್ತದೆ. ಕೆಸರಿನ ದಂಡೆಯೇ ಇಲ್ಲದ ಮೇಲೆ ಗೊರವಗಳು ಎಲ್ಲಿ ನಿಂತು ಹುಳ ಹೆಕ್ಕಬೇಕು? ಆಗ ನೋಡಬೇಕಾದ್ದು ಮೀನು ಡೇಗೆ. ಎತ್ತರದಿಂದ ಕಾಲು ಚಾಚಿ ನೀರಿಗೆ ಬಿದ್ದು, ಮೀನನ್ನು ತಲೆ ಮುಂದಾಗಿ ಹಿಡಿದು ಏಳುತ್ತದೆ. ಹಸಿರುಮಕ್ಕಿ ಕಡೆ ಹೋದರೆ ನೀರಿನ ನಡುವೆ ನಿಂತ ಒಣಮರಗಳ ತುದಿಯನ್ನು ಒಂದೊಂದಾಗಿ ನೋಡಿ. ವಿದ್ಯುತ್ತಿಗೆ ನೀರು ಬಿಡುತ್ತಾ ಹೋಗಿ, ಜನವರಿಯ ನಂತರ ದಂಡೆಗಳು ಬಿಚ್ಚಿಕೊಂಡ ಮೇಲೆ ಗೊರವಗಳನ್ನು ನೋಡಲು ಮತ್ತೊಮ್ಮೆ ಹೋಗಿ. ಭದ್ರಾ ಜಲಾಶಯದ ದ್ವೀಪಗಳ ಲೆಕ್ಕವೂ ನೀರಿನದ್ದೇ. ನೀರು ಇಳಿದು ನಡುಗಡ್ಡೆಗಳು ಎದ್ದಾಗ, ಫೆಬ್ರವರಿಯಿಂದ ಮೇವರೆಗೆ, ನದಿ ರೀವಗಳು (ರಿವರ್ ಟರ್ನ್) ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ.

ಕೊನೆಗೊಂದು ಮಾತು, ಮಗಳಿಗೆ ಹೇಳಿ. ಶೆಟ್ಲೆಂಡಿನಲ್ಲಿ ಬೇಸಿಗೆಗೆ ಮರಿ ಮಾಡುವ ಕೆಂಪು ಕೊರಳಿನ ಫಲರೋಪ್ ಅಂತ ಒಂದು ಪುಟ್ಟ ನೀರಹಕ್ಕಿ ಇದೆ. 2012ರಲ್ಲಿ ಅಲ್ಲಿನ ಕೆಲವು ಹಕ್ಕಿಗಳಿಗೆ ಹೋದ ದಾರಿ ತಿಳಿಸುವ, ಒಂದು ಗ್ರಾಮಿಗಿಂತ ಹಗುರವಾದ ಯಂತ್ರ ಕಟ್ಟಿದರು. ಅವುಗಳಲ್ಲಿ ಒಂದು ಅಟ್ಲಾಂಟಿಕ್ ದಾಟಿ, ದಕ್ಷಿಣ ಅಮೆರಿಕದ ಆಚೆಯ ಪೆಸಿಫಿಕ್ ಸಾಗರಕ್ಕೆ ಹೋಗಿ ಚಳಿಗಾಲ ಕಳೆದು ವಾಪಸ್ ಬಂತು. ಅದೇ ಜಾತಿಯ ಸ್ಕ್ಯಾಂಡಿನೇವಿಯಾದ ಹಕ್ಕಿಗಳು ಚಳಿಗಾಲಕ್ಕೆ ಬರುವುದು ಅರಬ್ಬೀ ಸಮುದ್ರಕ್ಕೆ. ನಮ್ಮ ಶರಾವತಿ ಹೊನ್ನಾವರದಲ್ಲಿ ಹೋಗಿ ಸೇರುವ ಅದೇ ಕಡಲು.

ಪ್ರಶ್ನೆ: ಅಕ್ಟೋಬರ್ ಮೊದಲ ವಾರ ಬೆಳಿಗ್ಗೆ ನಮ್ಮ ಮನೆಯ ಗಾಜಿನ ಕಿಟಕಿಗೆ ಬಡಿದು ಒಂದು ಹಕ್ಕಿ ಜಗಲಿಗೆ ಬಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದ ಬುಡದಲ್ಲಿ ಕೆಂಪು. ಬಾಲ ಇಲ್ಲವೇನೋ ಅನ್ನುವಷ್ಟು ಗಿಡ್ಡ. ನೀರು ಕುಡಿಸಲು ನೋಡಿದೆವು. ಸ್ವಲ್ಪ ಹೊತ್ತಿಗೆ ಸತ್ತುಹೋಯಿತು. ಮಕ್ಕಳು ತುಂಬಾ ಅತ್ತರು. ನಮ್ಮಿಂದ ತಪ್ಪಾಯಿತೇ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅದು ನವರಂಗ. ಗಾಜಿಗೆ ಬಡಿದ ಹಕ್ಕಿಗಳಲ್ಲಿ ಎಷ್ಟೋ ತಲೆಯ ಒಳಪೆಟ್ಟಿನಿಂದಲೇ ಸಾಯುತ್ತವೆ. ನಿಮ್ಮಿಂದಲೇ ಸತ್ತಿತು ಅಂದುಕೊಳ್ಳಬೇಡಿ, ಮಕ್ಕಳಿಗೂ ಹಾಗೇ ಹೇಳಿ. ಹಿಮಾಲಯದ ತಪ್ಪಲಿನಿಂದ ಮಧ್ಯ ಭಾರತದವರೆಗಿನ ಕಾಡುಗಳಲ್ಲಿ ಮಳೆಗಾಲದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಹಾರುವುದು ರಾತ್ರಿ. ಬೆಳಗಿನ ಜಾವ ಸುಸ್ತಾಗಿ ಇಳಿಯುವಾಗ ದೀಪದ ಬೆಳಕಿಗೆ ಗಲಿಬಿಲಿಯಾಗುತ್ತದೆ. ಗಾಜಿನಲ್ಲಿ ಕಾಣುವ ತೋಟವನ್ನು ನಿಜವಾದ ತೋಟ ಅಂತಲೇ ನಂಬಿ ನುಗ್ಗುತ್ತದೆ.

ಮುಂದೆ ಹೀಗಾದರೆ ಮೊದಲು ಬೆಕ್ಕು, ನಾಯಿಗಳನ್ನು ದೂರ ಇಡಿ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಒಳಗೆ ಹಳೇ ಬಟ್ಟೆ ಹಾಸಿ, ಹಕ್ಕಿಯನ್ನು ಮೆಲ್ಲಗೆ ಒಳಗಿಟ್ಟು ಮುಚ್ಚಿ. ಕತ್ತಲು ಮತ್ತು ಮೌನ, ಅದಕ್ಕೆ ಬೇಕಾದ ಔಷಧಿ ಇವೆರಡೇ. ಬಾಯಿಗೆ ನೀರು ಹಾಕಲೇಬೇಡಿ, ಉಸಿರುನಾಳಕ್ಕೆ ಹೋಗಿಬಿಡುತ್ತದೆ. ಅನ್ನ, ಅಕ್ಕಿಯೂ ಬೇಡ. ತರಗೆಲೆ ಕೆದಕಿ ಹುಳ ತಿನ್ನುವ ಹಕ್ಕಿ ಅದು. ಆಗಾಗ ತೆಗೆದು ನೋಡುವುದೂ ಬೇಡ. ಒಂದೆರಡು ಗಂಟೆ ಬಿಟ್ಟು ಪೆಟ್ಟಿಗೆಯನ್ನು ಪೊದೆಯ ಹತ್ತಿರ ಇಟ್ಟು ಮುಚ್ಚಳ ತೆರೆಯಿರಿ. ಸುಧಾರಿಸಿಕೊಂಡಿದ್ದರೆ ತಾನೇ ಹೋಗುತ್ತದೆ. ರೆಕ್ಕೆ ಜೋತುಬಿದ್ದಿದ್ದರೆ ಪಶುವೈದ್ಯರಿಗೆ ತೋರಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಚಂದ ಇದೆ ಅಂತ ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ.

ಈಗ ಕಿಟಕಿಯ ವಿಚಾರ. ಗಿಡುಗನ ಚಿತ್ರದ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದರಂತೆ ಬಿಳಿ ಪಟ್ಟಿ ಎಳೆಯಿರಿ, ಇಲ್ಲವೇ ಅಷ್ಟೇ ಅಂತರಕ್ಕೆ ಹಗ್ಗದ ಎಳೆಗಳನ್ನು ಇಳಿಬಿಡಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ರಾತ್ರಿ ಅಂಗಳದ ದೊಡ್ಡ ದೀಪ ಆರಿಸಿ. ಕಾಡಿನಂಚಿನಲ್ಲಿ ಗೋಡೆ ತುಂಬಾ ಗಾಜು ಹಾಕಿಸುವ ಹೋಮ್‌ಸ್ಟೇಗಳು ಈಗ ಜಾಸ್ತಿಯಾಗುತ್ತಿವೆ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ನಡೆಸುವವರು ಈ ಪಟ್ಟಿಗಳನ್ನು ಇವತ್ತೇ ಹಾಕಿಸಲಿ.

ಈ ಚಳಿಗಾಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ತೋಟದಂಚಿಗೆ ಕರೆದುಕೊಂಡು ಹೋಗಿ. ಎರಡೇ ಸ್ವರದ ಗಟ್ಟಿ ಸಿಳ್ಳೆ ಕೇಳಿಸಿದರೆ ಅದು ಇನ್ನೊಂದು ನವರಂಗ. ಬೆಳಿಗ್ಗೆ, ಸಂಜೆ ಹೊತ್ತು ತಪ್ಪದೆ ಕೂಗುವುದರಿಂದ ತಮಿಳರು ಅದನ್ನು 'ಆರು ಗಂಟೆ ಹಕ್ಕಿ' ಅನ್ನುತ್ತಾರೆ.

ಪ್ರಶ್ನೆ: ಗುಡವಿಯಲ್ಲೂ ಮಂಡಗದ್ದೆಯಲ್ಲೂ ಗೂಡು ಕಟ್ಟುವ ಹಕ್ಕಿಗಳೆಲ್ಲ ಸೈಬೀರಿಯಾದಿಂದ ಬರುತ್ತವೆ ಅಂತ ದೊಡ್ಡವರೊಬ್ಬರು ಹೇಳಿದರು. ನಿಜವಾ ಸರ್?
– ಎಂಟನೇ ತರಗತಿ ವಿದ್ಯಾರ್ಥಿ, ಸೊರಬ

ಉತ್ತರ: ಇಲ್ಲ ಮರಿ. ಒಂದು ಸುಲಭದ ಲೆಕ್ಕ ನೆನಪಿಟ್ಟುಕೋ. ಸೈಬೀರಿಯಾದ ಹಕ್ಕಿ ಗೂಡು ಕಟ್ಟುವುದು ಸೈಬೀರಿಯಾದಲ್ಲಿ, ಅದರ ಬೇಸಿಗೆಯಲ್ಲಿ. ಇಲ್ಲಿಗೆ ಬರುವುದು ಹೊಟ್ಟೆಪಾಡಿಗೆ. ಮಳೆಗಾಲದಲ್ಲಿ ಇಲ್ಲಿ ಗೂಡು ಕಟ್ಟಿ ಮರಿ ಮಾಡುತ್ತಿದೆ ಅಂದರೆ ಅದು ನಮ್ಮದೇ ನಾಡಿನ ಹಕ್ಕಿ. ಮಂಡಗದ್ದೆಯ ತುಂಗಾ ನಡುಗಡ್ಡೆಯಲ್ಲಿ ಕಾಣುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಹಾಗೇ. ಅವೂ ಓಡಾಡುತ್ತವೆ, ಆದರೆ ಒಂದು ಕೆರೆಯಿಂದ ಇನ್ನೊಂದು ಹೊಳೆಗೆ, ನೀರು ಮೀನು ನೋಡಿಕೊಂಡು.

ನಿಜವಾಗಿ ದೂರದಿಂದ ಬಂದವರನ್ನು ನೋಡಬೇಕಾ? ನಿಮ್ಮ ಶಾಲೆ ಹತ್ತಿರದ ಕರೆಂಟು ತಂತಿ ಮೇಲೆ ಸಾಲಾಗಿ ಕೂರುವ ಕವಲುತೋಕೆ ನೋಡು. ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಓಡುವ, ಹಳದಿ ಹೊಟ್ಟೆಯ ಬೂದು ಸಿಪಿಲೆ ನೋಡು. ಸಿಪಿಲೆ ಎಲ್ಲರಿಗಿಂತ ಮೊದಲು ಬರುತ್ತದೆ. ಈ ವರ್ಷ ಮೊದಲು ಕಂಡ ದಿನವನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಡು. ಬರುವ ವರ್ಷವೂ ಬರಿ. ಆಮೇಲೆ ಎರಡನ್ನೂ ನನಗೆ ಕಳಿಸು, ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಮ್ಮ ಬ್ಯಾಣದ (ಹುಲ್ಲುಗಾವಲಿನ) ಮೇಲೆ ಮೂವತ್ತು ನಲವತ್ತು ಸಣ್ಣ ಗಿಡುಗಗಳು ಏರೋಪ್ಲೇನ್ ಚಿಟ್ಟೆ ಹಿಡಿದು ತಿನ್ನುತ್ತಿದ್ದವು. ಮಾರನೇ ದಿನ ಒಂದೂ ಇಲ್ಲ. ಸ್ನೇಹಿತರು ಅಮೂರ್ ಚಾಣ ಅಂದರು. ಉಳಿದವರು ನಂಬುತ್ತಿಲ್ಲ. ಫೋಟೋ ಇಲ್ಲ.
– ಕೃಷಿಕರು, ಹೊಸನಗರ

ಉತ್ತರ: ನಂಬದೇ ಇರಲು ಕಾರಣವಿಲ್ಲ. ಕಾಲವೂ ಸರಿಯಾಗಿದೆ, ನಡವಳಿಕೆಯೂ ಹೊಂದುತ್ತದೆ. ಈಶಾನ್ಯ ಚೀನಾ, ರಷ್ಯಾದ ಪೂರ್ವ ತುದಿಯ ಕಡೆ ಮರಿ ಮಾಡುವ ಹಕ್ಕಿ ಅದು. ಅಕ್ಟೋಬರ್‌ನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಸುತ್ತ ಲಕ್ಷಗಟ್ಟಲೆ ಸೇರುತ್ತದೆ. 2012ರಲ್ಲಿ ಅಲ್ಲಿ ಬಲೆ ಹಾಕಿ ಭಾರೀ ಪ್ರಮಾಣದಲ್ಲಿ ಕೊಲ್ಲುತ್ತಿದ್ದದ್ದು ಬೆಳಕಿಗೆ ಬಂತು. ಮರುವರ್ಷವೇ ಪಾಂಗ್ತಿ ಹಳ್ಳಿಯವರು ಬೇಟೆ ನಿಲ್ಲಿಸಿದರು. ಬೇಟೆಯ ದುಡ್ಡನ್ನು ನೆಚ್ಚಿಕೊಂಡಿದ್ದ ಊರು ಅಷ್ಟು ಬೇಗ ಮನಸ್ಸು ಬದಲಿಸಿದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. 2013ರಿಂದ ಕೆಲವು ಹಕ್ಕಿಗಳಿಗೆ ಉಪಗ್ರಹದ ಗುರುತು ಕಟ್ಟಿ ನೋಡಿದಾಗ ದಾರಿ ಗೊತ್ತಾಯಿತು. ದಕ್ಷಿಣ ಭಾರತವನ್ನು ಅಡ್ಡ ಹಾದು, ಅರಬ್ಬೀ ಸಮುದ್ರವನ್ನು ಎಲ್ಲೂ ಇಳಿಯದೆ ದಾಟಿ, ಸೊಮಾಲಿಯಾ ಮೂಲಕ ಆಫ್ರಿಕಾದ ದಕ್ಷಿಣಕ್ಕೆ. ನೀವು ಕಂಡ ಚಿಟ್ಟೆಗಳಲ್ಲೂ ಒಂದು ಜಾತಿ ಇದೇ ಕಾಲದಲ್ಲಿ ಕಡಲು ದಾಟಿ ಮಾಲ್ಡೀವ್ಸ್ ದ್ವೀಪಗಳನ್ನು ಮುಟ್ಟುತ್ತದೆ. ಸಮುದ್ರದ ಮೇಲೆ ಹಕ್ಕಿಗೆ ಅದೇ ಬುತ್ತಿ ಇರಬಹುದು ಅನ್ನುತ್ತಾರೆ ಸಂಶೋಧಕರು.

ಆದರೂ 'ಅದೇ' ಅಂತ ನಾನು ಇಲ್ಲಿ ಕೂತು ಹೇಳುವ ಹಾಗಿಲ್ಲ. ಚಳಿಗಾಲದಲ್ಲಿ ಬರುವ ಸಾಮಾನ್ಯ ಚಾಣವನ್ನೂ ನೀವು ನೋಡಿರುತ್ತೀರಿ. ಅದು ಸಾಮಾನ್ಯವಾಗಿ ಒಂಟಿ. ಬೆನ್ನು ಇಟ್ಟಿಗೆ ಬಣ್ಣ, ಕಾಲು ಹಳದಿ. ಅಮೂರ್ ಚಾಣದ ಕಾಲು ಕೆಂಪು ಕಿತ್ತಳೆ. ಗಂಡು ಪೂರಾ ಕಡುಬೂದು, ತೊಡೆ ಮಾತ್ರ ಇಟ್ಟಿಗೆ ಬಣ್ಣ, ಹಾರುವಾಗ ರೆಕ್ಕೆಯ ಒಳಭಾಗ ಬೆಳ್ಳಗೆ ಹೊಳೆಯುತ್ತದೆ.

ಇ-ಬರ್ಡ್ ಅನ್ನುವ ಆ್ಯಪ್ ಉಚಿತವಾಗಿ ಸಿಗುತ್ತದೆ. ಅಲ್ಲಿ ಹಳೆಯ ದಾಖಲೆಯನ್ನೂ ಸೇರಿಸಬಹುದು. ಅಪರೂಪದ ಹಕ್ಕಿ ಅಂತ ಬರೆದರೆ ತಿಳಿದ ಸ್ವಯಂಸೇವಕರು ಪರಿಶೀಲಿಸಿ ವಿವರ ಕೇಳುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ದಿನ, ಹೊತ್ತು, ಎಷ್ಟಿದ್ದವು, ಯಾವ ಕಡೆ ಹೋದವು, ಕಾಲಿನ ಬಣ್ಣ ಕಂಡಿತಾ, ಎಲ್ಲ ಬರೆಯಿರಿ. ನೆನಪಿಲ್ಲದ್ದನ್ನು ನೆನಪಿಲ್ಲ ಅಂತಲೇ ಬರೆಯಿರಿ. ಫೋಟೋ ಇಲ್ಲದಿದ್ದರೂ ಅಂಥ ಬರಹಕ್ಕೆ ಬೆಲೆಯಿದೆ. ಈ ಸಲ ದೀಪಾವಳಿ ಮುಗಿದ ಮೇಲೆ ಎರಡು ವಾರ, ಸಂಜೆ ನಾಲ್ಕರಿಂದ ಕತ್ತಲಾಗುವ ತನಕ ಅದೇ ಬ್ಯಾಣದಲ್ಲಿ ನಿಂತು ನೋಡಿ. ಮೊದಲು ಚಿಟ್ಟೆಗಳು ಬಂದಿವೆಯಾ ಅಂತ ನೋಡಿ, ಆಮೇಲೆ ತಲೆ ಎತ್ತಿ.