ಅಜ್ಜನ ಟ್ರಂಕಿನಲ್ಲಿ ಸಿಕ್ಕ ವಿಮಾನ

ಪ್ರಶ್ನೆ: ನಮ್ಮಜ್ಜ ನೌಕಾಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು. 1950ರ ದಶಕದಲ್ಲಿ ಕೊಚ್ಚಿಯಲ್ಲಿದ್ದರಂತೆ. ಅವರ ಟ್ರಂಕಿನಲ್ಲಿ ಸಿಕ್ಕ ಫೋಟೋ ಕಳಿಸಿದ್ದೇನೆ. ವಿಮಾನದ ಹೊಟ್ಟೆ ದೋಣಿ ಥರ ಇದೆ, ಆದರೆ ಚಕ್ರವೂ ಇದೆ! ಮನೆಯಲ್ಲಿ ಎಲ್ಲರೂ ಕ್ಯಾಟಲೀನಾ ಅಂತಾರೆ. ಹೌದಾ?
– ಓದುಗರು, ಕಾರವಾರ

ಉತ್ತರ: ಅಲ್ಲ. ದೋಣಿ ಹೊಟ್ಟೆಯ ವಿಮಾನ ಕಂಡರೆ ನಮ್ಮವರಿಗೆ ಮೊದಲು ಬಾಯಿಗೆ ಬರುವ ಹೆಸರೇ ಕ್ಯಾಟಲೀನಾ. ಎರಡನೇ ಮಹಾಯುದ್ಧದಲ್ಲಿ ಅವು ರಿಪೇರಿಗೆಂದು ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು.

ನಿಮ್ಮ ಫೋಟೋದಲ್ಲಿ ಎಂಜಿನ್ ನೋಡಿ. ಮೂತಿ ಸಪೂರ ಇದೆ, ಅಂದರೆ ಸಿಲಿಂಡರ್‌ಗಳು ಒಂದರ ಹಿಂದೊಂದು ಸಾಲಾಗಿವೆ. ಕ್ಯಾಟಲೀನಾದಲ್ಲಿ ಅವು ಸುತ್ತಲೂ ಬಳೆಯ ಹಾಗೆ ಕೂತಿರುತ್ತವೆ, ಎಂಜಿನ್ ಡ್ರಮ್ಮಿನಷ್ಟು ದಪ್ಪ ಕಾಣುತ್ತದೆ. ಅದರ ರೆಕ್ಕೆಯೂ ಮೈಗೆ ಅಂಟಿರುವುದಿಲ್ಲ, ಮಧ್ಯೆ ಒಂದು ಕಂಬ ಇಟ್ಟು ಎತ್ತಿ ಕೂರಿಸಿದ ಹಾಗಿರುತ್ತದೆ. ನಿಮ್ಮದರಲ್ಲಿ ರೆಕ್ಕೆ ನೇರ ಮೈಮೇಲೇ ಇದೆ. ರೆಕ್ಕೆಯ ಕೆಳಗೆ ನೇತಾಡುವ ಆ ಪುಟ್ಟ ಡಬ್ಬಿಗಳಿವೆಯಲ್ಲ, ದೋಣಿ ಮಗುಚದಿರಲಿ ಅಂತ ಬದಿಗೆ ಮರದ ತುಂಡು ಕಟ್ಟುತ್ತಾರಲ್ಲ, ಅದೇ ಕೆಲಸ ಅವುಗಳದ್ದು.

ಇದು ಶಾರ್ಟ್ ಸೀಲ್ಯಾಂಡ್. ಬೆಲ್‌ಫಾಸ್ಟ್‌ನಲ್ಲಿ ಕಟ್ಟಿದ್ದು, ನೀರಿಗೂ ಸೈ ನೆಲಕ್ಕೂ ಸೈ. ಒಟ್ಟು ತಯಾರಾದದ್ದೇ ಸುಮಾರು 25, ಅದರಲ್ಲಿ 10 ನಮ್ಮ ನೌಕಾಪಡೆಗೆ ಬಂದವು. ನೌಕಾಪಡೆಯ ಮೊದಲ ವಿಮಾನಗಳೇ ಇವು, 1953ರಲ್ಲಿ ಕೊಚ್ಚಿಗೆ ಬಂದವು. ಅಜ್ಜನ ಊರು, ಕಾಲ ಎರಡೂ ಕೂಡಿ ಬಂತು, ಅಲ್ವಾ?

ಒಂದು ಮಾತು. ಸ್ಕ್ಯಾನ್ ಮಾಡಿದವರು ಚಿತ್ರವನ್ನು ಎಡಬಲ ತಿರುಗಿಸಿಬಿಟ್ಟಿದ್ದಾರೆ. ಅಜ್ಜನ ಅಂಗಿಯ ಜೇಬು ಬಲಗಡೆ ಇದೆ, ಬಾಲದ ಅಕ್ಷರಗಳೂ ಉಲ್ಟಾ. ನಾನೂ ಒಮ್ಮೆ ಇಂಥ ಉಲ್ಟಾ ಪ್ರಿಂಟ್ ಹಿಡಿದು, ಯಾವುದೋ ನಂಬರಿನ ಹಿಂದೆ ಒಂದು ವಾರ ಸುಮ್ನೆ ಅಲೆದಿದ್ದೆ. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ, ಅಂಚು ಕತ್ತರಿಸಲು ಬಿಡಬೇಡಿ, ಹಿಂಬದಿಯದ್ದೂ ಒಂದು ತೆಗೆಸಿ. ಪೆನ್ಸಿಲ್ಲಿನಲ್ಲಿ ಏನೋ ಗೀಚಿದ ಗುರುತು ಅಂಚಿನಲ್ಲಿ ಕಾಣುತ್ತಿದೆ.

ಪ್ರಶ್ನೆ: ನಮ್ಮ ಸೋದರಮಾವ ನಿಂತಿರುವ ವಿಮಾನಕ್ಕೆ ನಾಲ್ಕು ಎಂಜಿನ್, ಬಾಲದಲ್ಲಿ ಮೂರು ರೆಕ್ಕೆ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಇಟ್ಟಿರುವುದು ಇದೇನಾ?
– ಓದುಗರು, ಶಿರಸಿ

ಉತ್ತರ: ಬೀಚಿನಲ್ಲಿರುವುದು ಟುಪೊಲೆವ್ 142. ಅದಕ್ಕೆ ಬಾಲದ ಮೇಲೆ ನಿಂತ ರೆಕ್ಕೆ ಒಂದೇ, ಒಂದೊಂದು ಎಂಜಿನ್ನಿಗೆ ಎರಡೆರಡು ಫ್ಯಾನು, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಮೂರು ಬಾಲದ್ದು ಸೂಪರ್ ಕಾನ್‌ಸ್ಟೆಲೇಶನ್. ಮೊದಲು ಏರ್ ಇಂಡಿಯಾದಲ್ಲಿ ಜನ ಹೊತ್ತು, ಆಮೇಲೆ ವಾಯುಪಡೆಗೆ ಹೋಗಿ, 1976ರಲ್ಲಿ ನೌಕಾಪಡೆಯ 312ನೇ ಸ್ಕ್ವಾಡ್ರನ್ನಿಗೆ ಬಂತು. ಅದೇ ಸ್ಕ್ವಾಡ್ರನ್ನಿಗೆ 1988ರಲ್ಲಿ ಟುಪೊಲೆವ್ ಬಂದು 2017ರವರೆಗೆ ಹಾರಿತು. ನಿಮ್ಮ ಮಾವ ಅಣ್ಣನ ಪಕ್ಕ ನಿಂತಿದ್ದಾರೆ, ನೀವು ಬೀಚಿನಲ್ಲಿ ನೋಡಿದ್ದು ತಮ್ಮನನ್ನು.

ಇಬ್ಬರಿಗೂ ಹೇಳುವುದು: ಗೋವಾದ ವಾಸ್ಕೋ ಹತ್ತಿರ, ದಾಬೋಲಿಂ ವಿಮಾನ ನಿಲ್ದಾಣದ ಪಕ್ಕ ನೌಕಾ ವಿಮಾನ ಮ್ಯೂಸಿಯಂ ಇದೆ. ಸೀಲ್ಯಾಂಡೂ ಅಲ್ಲಿದೆ, ಸೂಪರ್ ಕಾನ್‌ಸ್ಟೆಲೇಶನ್ನೂ ಇದೆ. ಕಾರವಾರದಿಂದ ಎರಡು, ಎರಡೂವರೆ ತಾಸಿನ ದಾರಿ. ಫೋಟೋ ಜೊತೆಗೇ ಒಯ್ಯಿರಿ, ಸೋಮವಾರ ಮಾತ್ರ ಹೋಗಬೇಡಿ, ಅವತ್ತು ರಜೆ.