ಮೂವರು ಮಕ್ಕಳನ್ನು ತೆಗೆದುಬಿಟ್ಟರೆ ಸಾಕಿತ್ತು

ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಆಪ್ತಸಲಹೆಗೆ ಬರುವ ಕಾಲ ಯಾವುದೆಂದು ನನಗೀಗ ಕ್ಯಾಲೆಂಡರ್ ನೋಡದೆಯೂ ತಿಳಿಯುತ್ತದೆ. ಪ್ರಬಂಧ ಸಲ್ಲಿಸಲು ಆರೇಳು ವಾರ ಉಳಿದಿರುತ್ತದೆ. ಮಾಹಿತಿ ಸಂಗ್ರಹ ಮುಗಿದಿರುತ್ತದೆ, ವಿಶ್ಲೇಷಣೆ ಶುರುವಾಗಿರುತ್ತದೆ. ನಿದ್ರೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಒಬ್ಬೊಬ್ಬರೇ ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಮನೆಯಲ್ಲಿ ತೊಂದರೆಯೇ, ಹಣದ ಚಿಂತೆಯೇ ಎಂದು ಕೇಳುತ್ತಾ ಹೋದರೆ ತಳದಲ್ಲಿ ಸಿಗುವುದು ಒಂದು ದಶಮಾಂಶ ಸಂಖ್ಯೆ.

ಈ ವಿದ್ಯಾರ್ಥಿನಿಯ ಸಂಖ್ಯೆ 0.08. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಊರು, ಕಾಲೇಜುಗಳನ್ನು ಬಿಟ್ಟಿದ್ದೇನೆ. ಅಂಕಿಗಳನ್ನೂ ಲೆಕ್ಕ ಕೆಡದಂತೆ ತುಸು ಬದಲಿಸಿದ್ದೇನೆ. ಅಂಕಿ ತಿದ್ದಬೇಡಿ ಎನ್ನುವ ಬರಹದಲ್ಲೇ ಅಂಕಿ ತಿದ್ದಿದ್ದೇನಲ್ಲ ಎಂದು ನನಗೇ ನಗು ಬರುತ್ತದೆ.

ಆಕೆ ಎಂ.ಎಡ್. ಕೊನೆಯ ವರ್ಷದಲ್ಲಿದ್ದರು. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿಯ ಮಕ್ಕಳು ಗಣಿತದಲ್ಲಿ ಹಿಂದೆ ಬೀಳುತ್ತಾರೆಯೇ ಎಂಬುದು ಪ್ರಬಂಧದ ಪ್ರಶ್ನೆ. ಬಸ್ಸಿನ ಮಕ್ಕಳು 60, ಶಾಲೆಯ ಹತ್ತಿರವೇ ಇರುವವರು 60. ನೂರು ಅಂಕದ ಒಂದೇ ಪರೀಕ್ಷೆ. ಬಸ್ಸಿನವರ ಸರಾಸರಿ 53.5, ಹತ್ತಿರದವರದು 58, ಅಂತರ 4.5. ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ ಎರಡೂ ಗುಂಪುಗಳಲ್ಲಿ 14. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆ ಮಾಡಿದಾಗ ಪಿ-ಮೌಲ್ಯ 0.08 ಬಂತು. 0.05ಕ್ಕಿಂತ ಕಡಿಮೆ ಬಂದರೆ ಮಾತ್ರ ಫಲಿತಾಂಶ ಎಂದು ಆಕೆಗೆ ಹೇಳಿಕೊಟ್ಟಿದ್ದರು. ಮಾರ್ಗದರ್ಶಕರು ಹಾಳೆ ನೋಡಿ, “ಏನೂ ಬಂದಿಲ್ಲವಲ್ಲ, ಇನ್ನೊಮ್ಮೆ ನೋಡಿ” ಎಂದಿದ್ದರಂತೆ. ಅಂಕ ತುಂಬಿಸಿದ್ದರಲ್ಲಿ ತಪ್ಪಿದೆಯೇ ಪರಿಶೀಲಿಸಿ ಎಂಬ ಅರ್ಥದಲ್ಲಿಯೇ ಅವರು ಹೇಳಿರಬಹುದು. ಆಕೆ ಕೇಳಿಸಿಕೊಂಡದ್ದು ಬೇರೆ.

ಮೊದಲ ಎರಡು ಭೇಟಿಗಳು ನಿದ್ರೆ, ಊಟ, ಮನೆಯ ಫೋನ್ ಕರೆಗಳ ಮಾತಿನಲ್ಲೇ ಕಳೆದವು. ಮೂರನೆಯ ಸಲ ಆಕೆ ಲ್ಯಾಪ್‌ಟಾಪ್ ತಂದರು. ಕುಳಿತವರೇ ಹೇಳಿದರು:

“ಮೇಡಂ, ಬಸ್ಸಿನ ಮಕ್ಕಳಲ್ಲಿ ಮೂವರನ್ನು ತೆಗೆದುಬಿಟ್ಟರೆ ಬರುತ್ತದೆ.”

“ಏನು ಬರುತ್ತದೆ?”

“ಸಿಗ್ನಿಫಿಕೆನ್ಸ್.”

ಪಿ-ಮೌಲ್ಯ 0.05ರ ಕೆಳಗೆ ಇಳಿದರೆ ಹಾಗೆನ್ನುತ್ತಾರೆ. ಆಗಲೇ ತೆಗೆದು ನೋಡಿದ್ದರು. ಪಿ-ಮೌಲ್ಯ 0.02ಕ್ಕಿಂತ ಕೆಳಗೆ ಇಳಿದಿತ್ತು. ಆ ಕಡತವನ್ನು ‘ಅಂತಿಮ’ ಎಂಬ ಹೆಸರಿನಲ್ಲಿ ಬೇರೆ ಉಳಿಸಿಕೊಂಡಿದ್ದರು. ಯಾವ ಮೂವರು ಎಂದು ಕೇಳಿದೆ. 88, 84, 81 ಪಡೆದವರು. ಅವರನ್ನು ಔಟ್‌ಲೈಯರ್, ಅಂದರೆ ಉಳಿದವರಿಂದ ತೀರಾ ದೂರ ಸರಿದ ಅಂಕದವರು, ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ ಎಂದು, ಹಣಕ್ಕೆ ವಿಶ್ಲೇಷಣೆ ಮಾಡಿಕೊಡುವವರೊಬ್ಬರು ಧೈರ್ಯ ಹೇಳಿದ್ದರಂತೆ.

“ಆ ಮಕ್ಕಳು ನಕಲು ಮಾಡಿದ್ದರೇ? ಅಂಕ ಕೂಡಿದ್ದರಲ್ಲಿ ತಪ್ಪಾಗಿತ್ತೇ?”

“ಇಲ್ಲ ಮೇಡಂ, ಚೆನ್ನಾಗಿಯೇ ಬರೆದಿದ್ದಾರೆ.”

“ಹಾಗಾದರೆ ದೂರದ ಊರಿನಿಂದ ಬಂದು ಚೆನ್ನಾಗಿ ಬರೆದದ್ದೇ ಅವರ ತಪ್ಪು.”

ಸಲಹೆಗಾರರು ಆಡುವ ಮಾತಲ್ಲ ಅದು. ಬಾಯಿಂದ ಬಂದುಬಿಟ್ಟಿತು. ಆಕೆ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಬತ್ತೆಂಟು ತೆಗೆದ ಹುಡುಗಿ ಬಸ್ಸು ತಪ್ಪೀತೆಂದು ಹತ್ತು ನಿಮಿಷ ಮೊದಲೇ ಉತ್ತರಪತ್ರಿಕೆ ಕೊಟ್ಟು ಓಡಿದ್ದಳು” ಎಂದರು.

ಅಂಕಿಯ ಹಿಂದೆ ಮಗು ಕಂಡಿತು, ಸರಿ. ಆದರೆ ಬರೀ ಮನಕರಗಿದರೆ ಸಾಲದು, ಮರುದಿನ ಬೆಳಿಗ್ಗೆ 0.08 ಮತ್ತೆ ಎದುರಿಗೆ ಕೂರುತ್ತದೆ. ಹಾಗಾಗಿ ಪಿ-ಮೌಲ್ಯ ಎಂದರೇನು ಎಂದು ಕೇಳಿದೆ. ಆಕೆ ಗೈಡ್ ಪುಸ್ತಕದ ಸಾಲೊಂದನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದರು. ನಿಮ್ಮ ತಾಯಿಗೆ ಹೇಳುವಂತೆ ಹೇಳಿ ಎಂದೆ. ಹೇಳಲಾಗಲಿಲ್ಲ. ಗೊತ್ತಿಲ್ಲದ ವಸ್ತುವೊಂದು ಗೊತ್ತಿಲ್ಲದ ಗೆರೆಯನ್ನು ದಾಟಲಿಲ್ಲವೆಂದು ಹತ್ತು ದಿನ ನಿದ್ರೆಗೆಟ್ಟಿದ್ದರು.

ಮೇಜಿನ ಮೇಲಿದ್ದ ಹಳೆಯ ಸುತ್ತೋಲೆಗಳನ್ನು ಹರಿದು 120 ಚೀಟಿ ಮಾಡಿದೆವು. ಚೀಟಿಗೊಂದರಂತೆ ಎಲ್ಲ ಮಕ್ಕಳ ಅಂಕ ಬರೆದೆವು. ಬಸ್ಸಿನವರು, ಹತ್ತಿರದವರು ಎಂಬ ಗುರುತು ಬೇಡ. ಎಲ್ಲವನ್ನೂ ಕಲಸಿ 60 ಚೀಟಿಗಳನ್ನು ಒಂದು ಕಡೆ, 60 ಚೀಟಿಗಳನ್ನು ಇನ್ನೊಂದು ಕಡೆ ಹಾಕಿ, ಎರಡು ಗುಡ್ಡೆಗಳ ಸರಾಸರಿಗಳ ಅಂತರ ನೋಡುವುದು. ಒಟ್ಟು ಮೊತ್ತ 6690 ಎಂದು ಗೊತ್ತಿದ್ದರಿಂದ ಒಂದು ಗುಡ್ಡೆಯನ್ನು ಕೂಡಿದರೆ ಸಾಕಿತ್ತು. ಮೊದಲ ಸಲ ಅಂತರ ಒಂದು ಅಂಕಕ್ಕೂ ಕಡಿಮೆ. ಎರಡನೆಯ ಸಲ ಎರಡೂವರೆ. ಮೂರು, ನಾಲ್ಕರಲ್ಲೂ ವಿಶೇಷವೇನಿಲ್ಲ. ಐದನೆಯ ಸಲ 5.1 ಬಂತು. ಆಕೆ ಮೊಬೈಲ್‌ನಲ್ಲಿ ಮತ್ತೊಮ್ಮೆ ಕೂಡಿದರು. ಅಷ್ಟೇ ಬಂತು.

“ಇಲ್ಲಿ ಬಸ್ಸೂ ಇಲ್ಲ, ದೂರವೂ ಇಲ್ಲ. ಆದರೂ ಅಂತರ ಬಂತಲ್ಲ ಮೇಡಂ.”

ಮೂರು ವಾರಗಳಲ್ಲಿ ಆಕೆ ತಾವಾಗಿಯೇ ಆಡಿದ ಮೊದಲ ಸಂಶೋಧನೆಯ ಮಾತು ಅದು. ನಿಜವಾಗಿ ಎರಡು ಗುಂಪುಗಳ ನಡುವೆ ಏನೂ ವ್ಯತ್ಯಾಸವಿಲ್ಲದಿದ್ದರೂ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಕಾಣಿಸಿಕೊಳ್ಳುವ ಸಂಭವ ಎಷ್ಟು? ಪಿ-ಮೌಲ್ಯ ಹೇಳುವುದು ಅಷ್ಟನ್ನೇ. ಆಕೆ ಚೀಟಿಗಳನ್ನು ಹಾಸ್ಟೆಲಿಗೆ ಒಯ್ದು ಕೊಠಡಿಯ ಗೆಳತಿಯರನ್ನು ಕೂರಿಸಿಕೊಂಡು ಮೂವತ್ತು ಸಲ ಪೂರೈಸಿದರು. ಮೂರು ಸಲ ಅಂತರ 4.5 ದಾಟಿತ್ತು. ಯಂತ್ರ ನೂರಕ್ಕೆ ಎಂಟು ಎಂದಿತ್ತು, ಚೀಟಿಗಳು ಮೂವತ್ತಕ್ಕೆ ಮೂರು ಎಂದವು.

ಇನ್ನು 0.05ರ ಗೆರೆ. ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರಿಗೆ ಕೇಂಬ್ರಿಡ್ಜ್‌ನಲ್ಲಿ ಮಾರ್ಗದರ್ಶಕರಾಗಿದ್ದ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್, 1925ರ ತಮ್ಮ ಪುಸ್ತಕದಲ್ಲಿ ಇದನ್ನು ಬಳಕೆಗೆ ತಂದರು. ಗೆರೆ ಎಲ್ಲಾದರೂ ಎಳೆಯಬೇಕಲ್ಲ, ಇಲ್ಲಿ ಎಳೆಯುವುದು ಅನುಕೂಲ ಎಂಬುದು ಅವರ ಧಾಟಿ. ನಮ್ಮ ವಿಭಾಗಗಳಲ್ಲಿ ಅದು ಲಕ್ಷ್ಮಣರೇಖೆಯಾಗಿದೆ. ಈ ಗೆರೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಬಹಿರಂಗವಾಗಿ ಹೇಳಿಕೆ ಕೊಟ್ಟಿತು. ಆ ಹೇಳಿಕೆ ನಮ್ಮ ಮೌಖಿಕ ಪರೀಕ್ಷೆಯ ಕೊಠಡಿಗಳನ್ನು ಇನ್ನೂ ತಲುಪಿದಂತಿಲ್ಲ.

ನಾನು ಕೊಟ್ಟ ಸಲಹೆ ನೇರವಾಗಿತ್ತು. ‘ಅಂತಿಮ’ ಕಡತವನ್ನು ಅಳಿಸಿ. 120 ಮಕ್ಕಳೂ ಇರಲಿ. ಮಾನಕ ವಿಚಲನೆ 14 ಇರುವಾಗ 60 ಮಕ್ಕಳಲ್ಲಿ ಒಬ್ಬಳು 88 ಪಡೆಯುವುದು ಅಸಹಜವೇನಲ್ಲ. 0.08 ಎಂದೇ ಬರೆಯಿರಿ, ಜೊತೆಗೆ ಶೇಕಡ 95ರ ವಿಶ್ವಾಸಾಂತರ, ಅಂದರೆ ನಿಜವಾದ ಅಂತರ ಇರಬಹುದಾದ ವ್ಯಾಪ್ತಿಯನ್ನು ಕೊಡಿ. ಹತ್ತಿರದ ಮಕ್ಕಳು ಒಂಬತ್ತೂವರೆ ಅಂಕ ಮುಂದಿರುವುದರಿಂದ ಹಿಡಿದು ಅರ್ಧ ಅಂಕ ಹಿಂದಿರುವುದರವರೆಗೆ ಏನೂ ಸಾಧ್ಯ ಎನ್ನುತ್ತದೆ ಅದು. ಅಂದರೆ “ವ್ಯತ್ಯಾಸವಿಲ್ಲ” ಎಂದು ಬರೆಯುವುದೂ ತಪ್ಪು. ಈ ಮಾಹಿತಿಯಿಂದ ಖಚಿತವಾಗಿ ಹೇಳಲಾಗದು ಎಂಬುದೇ ಸರಿ. ಇಷ್ಟು ಸಣ್ಣ ಅಂತರವನ್ನು ಹಿಡಿಯಲು ಗುಂಪಿಗೆ 150ಕ್ಕೂ ಹೆಚ್ಚು ಮಕ್ಕಳು ಬೇಕಿತ್ತು. ಆ ಲೆಕ್ಕವನ್ನು ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲೇ ಮಾಡಬೇಕಿತ್ತು ಎಂಬುದನ್ನು ಮಿತಿಗಳ ಭಾಗದಲ್ಲಿ ಒಪ್ಪಿಕೊಳ್ಳಿ. ದೂರದ ಮಕ್ಕಳ ಮನೆಗಳಲ್ಲಿ ಬಡತನವೂ ಹೆಚ್ಚಿದ್ದರೆ ಅಂಕ ಕುಗ್ಗಿಸಿದ್ದು ಬಸ್ಸೋ ಬಡತನವೋ ಈ ಅಧ್ಯಯನಕ್ಕೆ ತಿಳಿಯದು, ಅದನ್ನೂ ಬರೆಯಿರಿ. ಪ್ರಯಾಣದ ನಿಮಿಷಗಳನ್ನು ಕೇಳಿ ಬರೆದುಕೊಂಡಿದ್ದೀರಲ್ಲ, ಅದನ್ನು ಎರಡು ಗುಂಪುಗಳಾಗಿ ಕತ್ತರಿಸದೆ ನಿಮಿಷಕ್ಕೆ ಅಂಕ ಹೇಗೆ ಬದಲಾಗುತ್ತದೆ ಎಂದು ನಕ್ಷೆ ಹಾಕಿ. ಆದರೆ ಇದು ಆಮೇಲೆ ಹೊಳೆದದ್ದು ಎಂದು ಸ್ಪಷ್ಟವಾಗಿ ಹೇಳಿ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರಿಗೆ ಅಸಮಾಧಾನ. ಆತಂಕಕ್ಕೆ ಸಲಹೆ ಕೊಡಬೇಕಾದವರು ಪಾಠ ಮಾಡಿದಿರಿ, ಸಾಲದ್ದಕ್ಕೆ ಇದನ್ನು ಮಾಡು, ಅದನ್ನು ಬಿಡು ಎಂದು ಅಪ್ಪಣೆ ಕೊಟ್ಟಿರಿ ಎಂದರು. ಒಪ್ಪುತ್ತೇನೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸಬಹುದಿತ್ತು. ಆಕೆ ನಿರಾಳವಾಗಿ ಉಸಿರಾಡುತ್ತಾ ಮೂವರು ಮಕ್ಕಳನ್ನು ಅಳಿಸುತ್ತಿದ್ದರು. ಈ ಭಯದ ಬೇರು ಬಹಳ ಸಲ ಅಜ್ಞಾನದಲ್ಲಿರುತ್ತದೆ, ಅದು ವಿದ್ಯಾರ್ಥಿಯದಕ್ಕಿಂತ ಹೆಚ್ಚಾಗಿ ಕಲಿಸಿದವರದು. ಇನ್ನೊಂದು ಕಾರಣವೂ ಇದೆ. ನನ್ನ ಎಂ.ಎ. ಪ್ರಬಂಧದಲ್ಲಿ ಅರ್ಧ ತುಂಬಿದ್ದ ಎರಡು ಪ್ರಶ್ನಾವಳಿಗಳನ್ನು ರಾತ್ರಿ ಕುಳಿತು ನಾನೇ ತುಂಬಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಒಳ್ಳೆಯ ಅಂಕವೇ ಬಂತು. ಆ ಎರಡು ಹಾಳೆಗಳ ಮೇಲೆ ಯಾವ ಬಣ್ಣದ ಶಾಯಿ ಬಳಸಿದ್ದೆ ಎಂಬುದು ಇಂದಿಗೂ ನೆನಪಿದೆ.

ಪ್ರಬಂಧ 0.08ರೊಂದಿಗೇ ಹೋಯಿತು. ಮಾರ್ಗದರ್ಶಕರು ಗೊಣಗಿ ಸಹಿ ಹಾಕಿದರಂತೆ. ಬಂದ ಅಂಕ ಆಕೆಯ ಗೆಳತಿಯರಿಗಿಂತ ಕಡಿಮೆ. ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಬೇಸರವಿತ್ತು. ನಾನು ಅದನ್ನು ತೇಲಿಸಿಬಿಡಲು ಹೋಗಲಿಲ್ಲ.

ಚೀಟಿಗಳ ಡಬ್ಬಿಯನ್ನು ಆಕೆ ಹಿಂದಿರುಗಿಸಿದ್ದಾರೆ. ಈ ವಾರ ನರ್ಸಿಂಗ್ ವಿದ್ಯಾರ್ಥಿಯೊಬ್ಬರು ಬರುವವರಿದ್ದಾರೆ. ಅವರದು 0.06 ಅಂತೆ.